ತಿದ್ದುವ ಮುನ್ನ ಪೂರ್ತಿ ಓದೋಣ

ನಮ್ಮ ಮಕ್ಕಳ ಕನ್ನಡ ಪ್ರಬಂಧದ ನೋಟ್‌ಬುಕ್ಕುಗಳನ್ನು ಹಿರಿಯರು ಒಮ್ಮೆಯಾದರೂ ಬಿಡಿಸಿ ನೋಡಬೇಕು. 'ರೈತ ದೇಶದ ಬೆನ್ನೆಲುಬು', 'ಗ್ರಂಥಾಲಯಗಳ ಮಹತ್ವ', 'ಪರಿಸರ ಮಾಲಿನ್ಯ' ಮುಂತಾದ ಶೀರ್ಷಿಕೆಗಳ ಕೆಳಗೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಭಾಗಗಳು ಅಚ್ಚುಕಟ್ಟಾಗಿ ಕುಳಿತಿರುತ್ತವೆ. ಅಕ್ಷರ ಚೆನ್ನಾಗಿರುತ್ತದೆ, ಶೀರ್ಷಿಕೆಯ ಕೆಳಗೆ ಸ್ಕೇಲಿನಿಂದ ಎಳೆದ ಕೆಂಪು ಗೆರೆಯೂ ಇರುತ್ತದೆ. ಮೂವತ್ತು ಮಕ್ಕಳ ಪುಸ್ತಕಗಳನ್ನು ತೆರೆದರೆ ಮೂವತ್ತರಲ್ಲಿಯೂ ಅದೇ ವಾಕ್ಯಗಳು, ಅದೇ ಅನುಕ್ರಮದಲ್ಲಿ. ಗೈಡಿನಲ್ಲಿ ಅಚ್ಚಾದ ತಪ್ಪು ಕೂಡ ಮೂವತ್ತು ಪುಸ್ತಕಗಳಲ್ಲಿ ನಿಷ್ಠೆಯಿಂದ ನಕಲಾಗಿರುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಂದೆಯ ಮಗಳನ್ನು ಊಹಿಸಿಕೊಳ್ಳಿ. ಅಕ್ಕಿಗೆ ಉಪ್ಪುನೀರು ಎಷ್ಟು ಹಿಡಿಯಬೇಕು, ಒಲೆಯ ಮೇಲಿನ ಮರಳು ಎಷ್ಟು ಕಾಯಬೇಕು, ಅಕ್ಕಿ ಅರಳಿದ ಕ್ಷಣದಲ್ಲಿ ಜರಡಿ ಹಿಡಿಯುವುದು ತಡವಾದರೆ ಮಂಡಕ್ಕಿ ಹೇಗೆ ಕೆಂಪಾಗುತ್ತದೆ ಎಂಬುದೆಲ್ಲ ಆಕೆಗೆ ತಿಳಿದಿದೆ. ಹೊಗೆಯಲ್ಲಿ ಹತ್ತಾರು ವರ್ಷ ನಿಂತವರ ಕೆಮ್ಮಿನ ಸದ್ದೂ ತಿಳಿದಿದೆ. ರಾತ್ರಿ ಗೋಡೆಯಾಚೆಯಿಂದ ಅದನ್ನು ಕೇಳಿಯೇ ಆಕೆ ನಿದ್ರೆ ಹೋಗುವುದು. ಈ ಹುಡುಗಿಯೂ ಪ್ರಬಂಧ ಬರೆಯಲು ಕುಳಿತರೆ ತಾನೆಂದೂ ಹತ್ತಿರದಿಂದ ಕಾಣದ ರೈತನ ನೇಗಿಲನ್ನೇ ಬರೆಯುತ್ತಾಳೆ. ತನಗೆ ಗೊತ್ತಿರುವುದು ಬರೆಯಲು ಯೋಗ್ಯವಾದುದಲ್ಲ ಎಂಬ ಪಾಠವನ್ನು ಆಕೆ ಎಲ್ಲಿಯೋ ಕಲಿತಿದ್ದಾಳೆ. ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಈ ಪಾಠವನ್ನು ಶಾಲೆ, ಮನೆ ಮತ್ತು ಮಕ್ತಬ್ ಮೂರೂ ಸೇರಿ ಕಲಿಸುತ್ತಿವೆ.

ಸೃಜನಶೀಲತೆಯ ಕುರಿತು ಭಾಷಣ ಮಾಡುವವರು ಅದನ್ನು ಕೆಲವರಿಗಷ್ಟೇ ದೊರೆಯುವ ವರದಾನವೆಂಬಂತೆ ವರ್ಣಿಸುವುದುಂಟು. ಪ್ರತಿಭೆ ಅಲ್ಲಾಹನ ಕೊಡುಗೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಕೊಟ್ಟದ್ದು ವ್ಯರ್ಥವಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮದಲ್ಲವೇ? ಮಗು ತನ್ನ ಕಣ್ಣಿಂದ ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಲು ಅನುಮತಿ ಪಡೆಯುವುದೇ ಬರವಣಿಗೆಯ ಆರಂಭವೆಂದು ನಾವು ತಿಳಿದಿದ್ದೇವೆ. ನಮ್ಮ ಸಮುದಾಯದಲ್ಲಿ ಬುದ್ಧಿಗೆ ಕೊರತೆಯಿಲ್ಲ, ಶ್ರದ್ಧೆಗೂ ಕೊರತೆಯಿಲ್ಲ. ಕೊರತೆ ಇರುವುದು ಆ ಅನುಮತಿಗೆ.

ಇಲ್ಲೊಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಮದ್ರಸದ ಕಂಠಪಾಠವೇ ಮಕ್ಕಳ ಕಲ್ಪನೆಯನ್ನು ಕೊಲ್ಲುತ್ತದೆ ಎಂದು ಹೊರಗಿನವರೂ, ಇತ್ತೀಚೆಗೆ ಒಳಗಿನ ಕೆಲವು ವಿದ್ಯಾವಂತರೂ ಹೇಳುತ್ತಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ. 6,000ಕ್ಕೂ ಅಧಿಕ ವಚನಗಳನ್ನು ಒಂದು ಸ್ವರವೂ ತಪ್ಪದಂತೆ ಎದೆಯಲ್ಲಿರಿಸಿಕೊಂಡ ಹನ್ನೆರಡು ವರ್ಷದ ಬಾಲಕನ ಕಿವಿಯನ್ನು ನೆನೆದು ನೋಡಿ. ಪ್ರಾಸ, ಲಯ, ನಿಲುಗಡೆ, ಉಸಿರಿನ ಅಳತೆ ಇವುಗಳನ್ನು ಅವನಷ್ಟು ಸೂಕ್ಷ್ಮವಾಗಿ ಅರಿತ ವಿದ್ಯಾರ್ಥಿಯು ಯಾವ ಕಾವ್ಯಶಾಲೆಗೂ ಸಿಗಲಾರ. ಕಂಠಪಾಠವು ಹಾನಿಯಾಗುವುದು ಅದನ್ನು ಸಲ್ಲದ ಕಡೆ ಹಚ್ಚಿದಾಗ. ದಿವ್ಯವಾಣಿಯಲ್ಲಿ ಒಂದಕ್ಷರವೂ ಬದಲಾಗಕೂಡದು. ಆದುದರಿಂದ ಅಲ್ಲಿ ಇದ್ದುದನ್ನು ಇದ್ದಂತೆಯೇ ಒಪ್ಪಿಸುವುದು ಧರ್ಮ. ಹನ್ನೆರಡು ವರ್ಷದ ಬಾಲಕನ ಪ್ರಬಂಧವು ದಿವ್ಯವಾಣಿಯಲ್ಲ. ಅಲ್ಲಿ ಇನ್ನೊಬ್ಬರು ಬರೆದುದನ್ನು ಇದ್ದಂತೆಯೇ ಒಪ್ಪಿಸುವುದು, ಸ್ಪಷ್ಟವಾಗಿ ಹೇಳಬೇಕೆಂದರೆ, ಒಂದು ಬಗೆಯ ಸುಳ್ಳು. ತಾನು ಕಾಣದ್ದನ್ನು ಕಂಡೆನೆಂದು, ತನಗನಿಸದ್ದನ್ನು ಅನಿಸಿತೆಂದು ಬರೆದು ಅಂಕ ಪಡೆಯುವ ಅಭ್ಯಾಸಕ್ಕೆ ಬೇರೆ ಹೆಸರು ನಮಗೆ ತೋಚುತ್ತಿಲ್ಲ. ಈ ಎರಡನ್ನು ಬೇರ್ಪಡಿಸಿ ತಿಳಿಸುವ ಕೆಲಸಕ್ಕೆ ಮದ್ರಸದ ಶಿಕ್ಷಕನಿಗಿಂತ ಅರ್ಹರು ಯಾರಿದ್ದಾರೆ?

ಎರಡನೆಯ ತೊಡಕು ಭಾಷೆಯದು. ಹರಿಹರದ ನಮ್ಮ ಮನೆಗಳ ಮಗು ದಖನಿಯಲ್ಲಿ ಅಳುತ್ತದೆ, ಅರಬಿಯಲ್ಲಿ ಓದುತ್ತದೆ, ಉರ್ದುವಿನಲ್ಲಿ ಬೈಸಿಕೊಳ್ಳುತ್ತದೆ, ಕನ್ನಡದಲ್ಲಿ ಪರೀಕ್ಷೆ ಬರೆಯುತ್ತದೆ. ಈಗ ಇಂಗ್ಲಿಷ್ ಕಾನ್ವೆಂಟೂ ಸೇರಿ ಐದಾಯಿತು. ಇಷ್ಟು ಭಾಷೆಗಳ ನಡುವೆ ಬೆಳೆಯುವ ಮಗು ನಿಜಕ್ಕೂ ಶ್ರೀಮಂತ. ಆದರೆ ಆ ಮಗುವಿಗೆ ನಾವು ತಿಳಿಸುವುದು ಅದು ಎಲ್ಲ ಭಾಷೆಯಲ್ಲಿಯೂ ಬಡವ ಎಂದು. ಮನೆಯಲ್ಲಿ 'ನಕ್ಕೋ' ಎಂದರೆ ಉರ್ದು ಮೇಷ್ಟ್ರು ಅದು ಅಶುದ್ಧ ಎನ್ನುತ್ತಾರೆ. ಶಾಲೆಯಲ್ಲಿ 'ದಾದಿ ಹೇಳಿದನು' ಎಂದು ಲಿಂಗ ತಪ್ಪಿ ಬರೆದರೆ ತರಗತಿಯೇ ನಗುತ್ತದೆ. ಎರಡು ಕಡೆಯೂ ನಗೆಗೀಡಾದ ಮಗು ಗೈಡಿನ ವಾಕ್ಯಕ್ಕೆ ಶರಣಾಗುವುದು ಸಹಜ. ಅಲ್ಲಿ ಯಾರೂ ನಗುವುದಿಲ್ಲ.

ಅಶುದ್ಧವೆಂದು ನಾವು ಮುಚ್ಚಿಡುವ ಈ ದಖನಿಯ ಕುಲವೇನು ಸಾಮಾನ್ಯವಾದುದಲ್ಲ. 1580ರಿಂದ 1627ರವರೆಗೆ ಬಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ್ ತನ್ನ 'ಕಿತಾಬ್-ಎ-ನವ್‌ರಸ್' ಕೃತಿಯನ್ನು ರಚಿಸಿದ್ದು ಇದೇ ದಖನಿಯಲ್ಲಿ. ದರಬಾರಿಗೆ ಪಾರಸಿ ಲಭ್ಯವಿದ್ದಾಗಲೂ ಸುಲ್ತಾನನೊಬ್ಬ ನೆಲದ ಮಾತಿನಲ್ಲಿ ಹಾಡುಗಳನ್ನು ಕಟ್ಟಿದ. ಅನಂತರ ಅದೇ ಬಿಜಾಪುರದಲ್ಲಿ ನುಸ್ರತಿಯು ದಖನಿಯಲ್ಲಿ ದೊಡ್ಡ ಕಾವ್ಯಗಳನ್ನೇ ಬರೆದನು. ಸುಲ್ತಾನನಿಗೆ ಸಾಕಾದ ಭಾಷೆ ನಮ್ಮ ಮಕ್ಕಳಿಗೆ ನಾಚಿಕೆಯಾದುದು ಹೇಗೆ ಎಂಬುದು ವಿಚಾರಣೀಯ. ದಖನಿಯಲ್ಲಿ ಯೋಚಿಸಿದ್ದನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲಿ, ಅರ್ಧ ವಾಕ್ಯ ದಖನಿಯಾಗಿಯೇ ಉಳಿಯಲಿ. ಮೊದಲ ಬರಹಕ್ಕೆ ಅಷ್ಟು ಸ್ವಾತಂತ್ರ್ಯವಿದ್ದರೆ ಶುದ್ಧ ಕನ್ನಡ ತಾನಾಗಿ ಹಿಂದೆಯೇ ಬರುತ್ತದೆ. ಬರುವುದಿಲ್ಲವೆಂಬ ಭಯ ಇರುವವರು ಮನೆಮಾತು ಕನ್ನಡವಲ್ಲದ ನಿಸಾರ್ ಅಹಮದ್, ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಬಾನು ಮುಷ್ತಾಕ್ ಇವರ ಕನ್ನಡವನ್ನು ಓದಿ ನೋಡಲಿ.

ನದಿ ದಾಟಿ ನೆರೆಯ ಹಾವೇರಿ ಜಿಲ್ಲೆಗೆ ಹೋದರೆ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಸಿಗುತ್ತದೆ. ಅಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಅವರ ನಂಬಿಕೆ, ಆಚರಣೆಗಳ ಚರ್ಚೆ ಇಲ್ಲಿ ಬೇಡ. ಆ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರುವುದು ಎಲ್ಲರಿಗೂ ಗೊತ್ತು. ಬರೆಯುವವನ ಕಣ್ಣಿನಿಂದ ನೋಡಿದರೆ ಅವರಿಂದ ಕಲಿಯುವುದು ಒಂದಿದೆ. ಮಳೆಗೆ ಸೋರುವ ಮಾಳಿಗೆ, ಕೋಳಿ, ಗುಡಗುಡಿ ಇಂಥವುಗಳಲ್ಲಿಯೇ ಅವರಿಗೆ ಹೇಳಬೇಕಾದುದೆಲ್ಲ ಸಿಕ್ಕಿತು. ಹಂಚಿನ ಮನೆ ಸೋರುವುದನ್ನು ನಮ್ಮ ಮಕ್ಕಳೂ ಕಂಡಿದ್ದಾರೆ, ಪಾತ್ರೆ ಇಟ್ಟು ಮಳೆನೀರು ಹಿಡಿದಿದ್ದಾರೆ. ಅದು ಪ್ರಬಂಧಕ್ಕೆ ವಿಷಯವಾಗಬಹುದೆಂದು ಅವರಿಗೆ ಹೇಳಿದವರಿಲ್ಲ.

ಈಗ ಧರ್ಮದ ಮಾತಿಗೆ ಬರೋಣ. ಕವಿತೆ, ಕಥೆ ಎಂದೊಡನೆ ಸೂರಃ ಅಶ್ಶುಅರಾದ ಕೊನೆಯ ವಚನಗಳನ್ನು ಉಲ್ಲೇಖಿಸಿ ಬಾಗಿಲು ಹಾಕುವವರಿದ್ದಾರೆ. ದಾರಿ ತಪ್ಪಿದವರು ಕವಿಗಳನ್ನು ಹಿಂಬಾಲಿಸುತ್ತಾರೆಂಬ ಎಚ್ಚರಿಕೆ ಅಲ್ಲಿರುವುದು ನಿಜ. ಅದರ ಬೆನ್ನಿಗೇ, ವಿಶ್ವಾಸವಿಟ್ಟು ಸತ್ಕರ್ಮವೆಸಗಿದವರನ್ನೂ ಅಲ್ಲಾಹನನ್ನು ಬಹಳವಾಗಿ ಸ್ಮರಿಸುವವರನ್ನೂ ಅನ್ಯಾಯಕ್ಕೊಳಗಾದ ಮೇಲೆ ತಮ್ಮ ರಕ್ಷಣೆಗೆ ನಿಂತವರನ್ನೂ ಅದರಿಂದ ಹೊರತುಪಡಿಸಿರುವುದೂ ಅಷ್ಟೇ ನಿಜ. ಮೊದಲರ್ಧವನ್ನು ಓದಿ ಎರಡನೆಯ ಅರ್ಧವನ್ನು ಓದದಿರುವುದು ವಿದ್ವತ್ತಿಗೆ ಶೋಭೆಯಲ್ಲ. ಹಸ್ಸಾನ್ ಬಿನ್ ಸಾಬಿತ್ (ರ) ಕವಿತೆ ವಾಚಿಸಲೆಂದು ಮದೀನಾದ ಮಸೀದಿಯಲ್ಲಿ ಮಿಂಬರನ್ನೇ ಇಡಿಸಲಾಗುತ್ತಿತ್ತು ಎಂಬ ವರದಿ ಹದೀಸ್ ಗ್ರಂಥಗಳಲ್ಲಿದೆ. ಬದ್ರ್‌ನ ಸೆರೆಯಾಳುಗಳ ಪೈಕಿ ಅಕ್ಷರ ಬಲ್ಲವರಿಗೆ ಮದೀನಾದ ಹತ್ತು ಮಕ್ಕಳಿಗೆ ಬರವಣಿಗೆ ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ವಿಧಿಸಲಾಯಿತು ಎಂಬುದನ್ನಂತೂ ನಾವೆಲ್ಲ ಪ್ರವಚನಗಳಲ್ಲಿ ಹೇಳುತ್ತಲೇ ಇರುತ್ತೇವೆ. ನಿನ್ನೆಯ ಶತ್ರುವಿನ ಮುಂದೆ ಮಕ್ಕಳನ್ನು ಅಕ್ಷರಕ್ಕಾಗಿ ಕೂರಿಸಿದ ಸಮುದಾಯವದು.

ಆದರೆ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದುದು ಕಅಬ್ ಬಿನ್ ಝುಹೈರ್‌ರ ಪ್ರಸಂಗ. ಪ್ರವಾದಿಯವರ (ಸ) ವಿರುದ್ಧ ಕವಿತೆ ಕಟ್ಟಿ ಅಪರಾಧಿಯಾಗಿದ್ದ ಈ ಕವಿ ಕೊನೆಗೆ ಮದೀನಾಕ್ಕೆ ಬಂದು ಕ್ಷಮೆ ಬೇಡಿ, ಅವರ ಸಮ್ಮುಖದಲ್ಲಿಯೇ ತನ್ನ ದೀರ್ಘ ಕವಿತೆಯನ್ನು ವಾಚಿಸಿದರು. ಆ ಕವಿತೆ ಕ್ಷಮಾಯಾಚನೆಯಿಂದ ಆರಂಭವಾಗುವುದಿಲ್ಲ, ಪ್ರವಾದಿಯವರ ಸ್ತುತಿಯಿಂದಲೂ ಆರಂಭವಾಗುವುದಿಲ್ಲ. ಅರಬಿ ಕಸೀದದ ರೂಢಿಯಂತೆ ಸುಆದ್ ಎಂಬಾಕೆಯ ಅಗಲಿಕೆಯ ದುಃಖದಿಂದ ಅದು ತೊಡಗುತ್ತದೆ. ಅನಂತರ ಒಂಟೆಯ ವರ್ಣನೆ ಬರುತ್ತದೆ, ಅದೂ ಸಾಕಷ್ಟು ದೀರ್ಘವಾಗಿ. ಬಹಳ ಹೊತ್ತಿನ ಮೇಲೆಯೇ ಕವಿ ತನ್ನ ಪ್ರಾಣಭಿಕ್ಷೆಯ ಮಾತಿಗೆ ಬರುವುದು. ಪ್ರವಾದಿಯವರು (ಸ) ಅಷ್ಟನ್ನೂ ಆಲಿಸಿದರು, ಕೊನೆಗೆ ತಮ್ಮ ಹೊದಿಕೆಯನ್ನೇ ಕವಿಗೆ ಹೊದಿಸಿದರು. ಕಸೀದಕ್ಕೆ 'ಬುರ್ದಾ' ಎಂಬ ಹೆಸರು ಬಂದುದೇ ಆ ಹೊದಿಕೆಯಿಂದ. ಈ ಪ್ರಸಂಗವನ್ನು ಹೇಳುವವರೆಲ್ಲರೂ ಹೊದಿಕೆಯ ಬಳಿ ನಿಲ್ಲುತ್ತಾರೆ. ಅದಕ್ಕಿಂತ ಮೊದಲಿನ ಆಲಿಸುವಿಕೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನಮ್ಮ ಕೋರಿಕೆ. ಇಂದು ನಮ್ಮ ಯಾವುದಾದರೂ ಸಭೆಯಲ್ಲಿ ಹದಿನೆಂಟರ ಹುಡುಗನೊಬ್ಬ ಸುಆದಳ ಅಗಲಿಕೆಯಿಂದ ಕವಿತೆ ಆರಂಭಿಸಿದರೆ ಮೂರನೆಯ ಸಾಲಿಗೆ ಮೈಕ್ ಕಸಿಯಲಾಗುತ್ತದೆ. ಅವನ ಒಂಟೆ ಮದೀನಾಕ್ಕೆ ಹೊರಟಿತ್ತೇ ಎಂದು ತಿಳಿಯುವಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಗುರುಹಿರಿಯರ ಈ ಅಸಹನೆ ನಮ್ಮೊಬ್ಬರದೇ ಎಂದೇನೂ ಅಲ್ಲ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆ ಹರಿಹರ ಮತ್ತು ರಾಘವಾಂಕರ ಐತಿಹ್ಯ ನೆನಪಿರುತ್ತದೆ. (ಈ ಹರಿಹರ ಹಂಪೆಯ ಕವಿ, ಅವನ ಹೆಸರಿಗೂ ನಮ್ಮ ಊರಿಗೂ ಗಂಟುಹಾಕುವ ಉತ್ಸಾಹ ನಮ್ಮ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಬರುತ್ತದೆ.) ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು 'ಹರಿಶ್ಚಂದ್ರ ಕಾವ್ಯ'ವನ್ನು ಬರೆದಾಗ, ಶಿವನನ್ನು ಬಿಟ್ಟು ಮನುಷ್ಯನನ್ನು ಹಾಡಿದನೆಂದು ಮಾವನು ಕೋಪಗೊಂಡು ಹೊಡೆದನಂತೆ, ಅಳಿಯನ ಐದು ಹಲ್ಲುಗಳು ಉದುರಿದವಂತೆ. ಬಳಿಕ ರಾಘವಾಂಕನು ಶಿವಭಕ್ತರನ್ನು ಕುರಿತು ಐದು ಕೃತಿಗಳನ್ನು ರಚಿಸಲು ಹಲ್ಲುಗಳು ಒಂದೊಂದಾಗಿ ಮರಳಿ ಬಂದವೆಂದು ಕಥೆ ಮುಗಿಯುತ್ತದೆ. ಕಥೆ ಕಥೆಯೇ ಇರಬಹುದು. ಆದರೆ ಎಂಟು ಶತಮಾನಗಳ ಬಳಿಕ ಇಂದು ಕನ್ನಡಿಗರು ರಾಘವಾಂಕನನ್ನು ಸ್ಮರಿಸುವುದು ಹಲ್ಲು ತಂದುಕೊಟ್ಟ ಕೃತಿಗಳಿಗಾಗಿಯೋ, ಹಲ್ಲು ಕಳೆದ ಕೃತಿಗಾಗಿಯೋ? ಸತ್ಯಕ್ಕಾಗಿ ರಾಜ್ಯ, ಮಡದಿ, ಮಗ ಎಲ್ಲವನ್ನೂ ಕಳೆದುಕೊಂಡ ಆ ಅರಸನ ಕಥೆಯಲ್ಲಿ ಅಧರ್ಮವೇನಿತ್ತು? ಹಿರಿಯರು ಕೃತಿಯ ಶೀರ್ಷಿಕೆಯನ್ನಷ್ಟೇ ಓದಿ ಕೈಯೆತ್ತಿದರೆ ಹೀಗಾಗುತ್ತದೆ.

ನಮ್ಮ ಸಮುದಾಯದಿಂದ ಬಂದ ಕನ್ನಡ ಲೇಖಕರು ಬಾಲ್ಯದಲ್ಲಿ ಏನನ್ನು ಪಡೆದರು ಎಂಬುದನ್ನು ಗಮನಿಸಿದರೆ ಅಚ್ಚರಿಯಾಗುತ್ತದೆ, ಪಡೆದದ್ದು ಅತ್ಯಲ್ಪ. 1936ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಕೆ.ಎಸ್. ನಿಸಾರ್ ಅಹಮದ್ ತಮ್ಮ ಹತ್ತನೆಯ ವಯಸ್ಸಿನಲ್ಲಿ ಜಲಪಾತವನ್ನು ಕುರಿತು ಒಂದು ಕವಿತೆ ಬರೆದರು, ಅದು ಒಂದು ಕೈಬರಹದ ಪತ್ರಿಕೆಯಲ್ಲಿ ಬೆಳಕು ಕಂಡಿತು. ಕೈಬರಹದ ಪತ್ರಿಕೆ ಎಂದರೇನು? ಯಾರೋ ಒಬ್ಬರು ಕುಳಿತು ಕಾಗದದ ಮೇಲೆ ಎಲ್ಲರ ಬರಹಗಳನ್ನು ನಕಲು ಮಾಡಿ, ದಾರ ಹಾಕಿ ಹೊಲಿದದ್ದು. ಆ ಬಾಲಕ ಮುಂದೆ ಭೂವಿಜ್ಞಾನದ ಅಧ್ಯಾಪಕನಾದನು, ಕನ್ನಡದ ಕವಿಯಾದನು. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಮನೆಮನೆ ತಲುಪಿತು. 2006ರಲ್ಲಿ ಶಿವಮೊಗ್ಗದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪ್ರತಿ ನವೆಂಬರಿನಲ್ಲಿ ನಮ್ಮ ಮಕ್ಕಳು ಅವರ ಹಾಡನ್ನು ಹಾಡುತ್ತಾರೆ. ಹಾಡಿದವನು ತಮ್ಮಂತೆಯೇ ಮನೆಯಲ್ಲಿ ಉರ್ದು ಆಡುತ್ತಿದ್ದ ಹುಡುಗನೆಂದು ತಿಳಿದರೆ ಹಲವು ಮಕ್ಕಳ ಕಣ್ಣು ಅರಳುವುದನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ.

ಬಾನು ಮುಷ್ತಾಕ್ ಅವರನ್ನು ಅವರ ತಂದೆ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕು, ಇಲ್ಲವಾದರೆ ಶಾಲೆಯಲ್ಲಿ ಸ್ಥಾನವಿಲ್ಲ ಎಂಬುದು ಷರತ್ತು. ಕೆಲವೇ ದಿನಗಳಲ್ಲಿ ಹುಡುಗಿ ಬರೆಯತೊಡಗಿದಳು. ಇದನ್ನು ಓದಿದಾಗ ನಮಗೆ ಝೈದ್ ಬಿನ್ ಸಾಬಿತ್ (ರ) ನೆನಪಾದರು: ಯಹೂದಿಯರ ಲಿಪಿಯನ್ನು ಕಲಿಯುವಂತೆ ಪ್ರವಾದಿಯವರು (ಸ) ಆದೇಶಿಸಿದಾಗ ಅವರು ಅರ್ಧ ತಿಂಗಳು ಕಳೆಯುವುದರೊಳಗೆ ಅದನ್ನು ಕೈವಶ ಮಾಡಿಕೊಂಡರು. ಮಗುವಿನ ಮೇಲೆ ಭರವಸೆಯಿಟ್ಟು ಇನ್ನೊಂದು ಭಾಷೆಯ ಬಾಗಿಲಿಗೆ ಕರೆದೊಯ್ಯುವ ಹಿರಿಯರೊಬ್ಬರಿದ್ದರೆ ಸಾಕು. 2025ರ ಮೇ ತಿಂಗಳಲ್ಲಿ ಬಾನು ಅವರ ಹನ್ನೆರಡು ಕಥೆಗಳ ಸಂಕಲನ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದುದು ಎಲ್ಲರಿಗೂ ತಿಳಿದ ಸುದ್ದಿ. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು.

ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ಹಾದಿ ಇನ್ನಷ್ಟು ಕಠಿಣ. ಕನ್ನಡ ಶಾಲೆಯಲ್ಲಿ ಓದಿದ ಅವರು ಮದುವೆಯಾಗಿ, ನಾಲ್ವರು ಗಂಡುಮಕ್ಕಳನ್ನು ಬೆಳೆಸಿ, ನಡುವಯಸ್ಸಿನಲ್ಲಿ 'ಚಂದ್ರಗಿರಿಯ ತೀರದಲ್ಲಿ' ಬರೆದರು. ತಲಾಖ್ ಮತ್ತು ಮರುವಿವಾಹದ ನಡುವೆ ಸಿಲುಕಿದ ನಾದಿರಾಳ ಆ ಕಥೆ 1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಯಿತು. ಶಾಲೆ ಬಿಟ್ಟ ಹುಡುಗಿಗೂ ಕಾದಂಬರಿಯ ಮೊದಲ ವಾಕ್ಯಕ್ಕೂ ನಡುವೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳು ಉರುಳಿದ್ದವು. ಇಂಥ ದೀರ್ಘ ಕಾಯುವಿಕೆಯ ನಡುವೆಯೇ ಒಣಗಿಹೋದವರ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲಿಯೂ ಇಲ್ಲ.

ಈ ಇಬ್ಬರು ಲೇಖಕಿಯರೂ ಸಮುದಾಯದೊಳಗಿನಿಂದಲೇ ವಿರೋಧವನ್ನುಂಡರು ಎಂಬುದನ್ನು ಮರೆಮಾಚಿ ಬರೆಯಲು ನಮಗೆ ಮನಸ್ಸಿಲ್ಲ. ಪ್ರಶಸ್ತಿಯ ಬಳಿಕ ಅಭಿನಂದನೆಯ ಫ್ಲೆಕ್ಸ್ ಕಟ್ಟುವುದು ಸುಲಭ. ಅವರು ಬರೆದುದೆಲ್ಲವನ್ನೂ ನಾವು ಒಪ್ಪುತ್ತೇವೆಯೇ? ಇಲ್ಲ. ಶರೀಅತ್‌ನ ವಿಧಿಗೂ ಅದರ ಹೆಸರಿನಲ್ಲಿ ಪುರುಷರು ಎಸಗುವ ಅನ್ಯಾಯಕ್ಕೂ ಇರುವ ಅಂತರ ಕೆಲವು ಕಡೆ ಸಾಕಷ್ಟು ಸ್ಪಷ್ಟವಾಗಿಲ್ಲವೆಂದು ನಮಗನಿಸಿದೆ. ಆದರೆ ಆ ಅನ್ಯಾಯ ನಡೆದೇ ಇಲ್ಲವೆಂದು ಹೇಳಬಲ್ಲ ಮೊಹಲ್ಲಾ ಯಾವುದು? ಬರಹಕ್ಕೆ ಉತ್ತರ ಬರಹವೇ ಆಗಬೇಕು. ಬಹಿಷ್ಕಾರ, ಬೆದರಿಕೆ, ಮನೆಯವರ ಮೂಲಕ ಒತ್ತಡ ಇವು ಉತ್ತರಗಳಲ್ಲ. ನಾದಿರಾಳ ಕಥೆ ಅಪೂರ್ಣವೆನಿಸಿದವರು ನಾದಿರಾಳ ತಾಯಿಯ ಕಥೆಯನ್ನೋ ನೆರೆಮನೆಯ ಇಮಾಮರ ಕಥೆಯನ್ನೋ ಬರೆಯಬೇಕಿತ್ತು. ಬರೆಯುವವರು ನಮ್ಮಲ್ಲಿಲ್ಲದಿದ್ದರೆ ಅದಕ್ಕೆ ಸಾರಾ ಹೊಣೆಯಲ್ಲ. ಬೊಳುವಾರರು 'ಓದಿರಿ' ಎಂಬ ಹೆಸರಿನಲ್ಲಿ ಪ್ರವಾದಿಯವರ (ಸ) ಬದುಕನ್ನು ಕನ್ನಡ ಕಾದಂಬರಿಯಾಗಿಸಿದರು. ಅದರಲ್ಲಿ ಚರ್ಚಿಸಬೇಕಾದ ಅಂಶಗಳಿರಬಹುದು. ಮದ್ರಸದಲ್ಲಿ ವರ್ಷಗಟ್ಟಲೆ ಸೀರತ್ ಓದಿದ ನಮ್ಮವರಲ್ಲಿ ಎಷ್ಟು ಮಂದಿಗೆ ಅಂಥದೊಂದು ಪ್ರಯತ್ನದ ಕನಸಾದರೂ ಬಿದ್ದಿದೆ ಎಂದು ನಾವು ಕೇಳಿಕೊಳ್ಳುವುದು ಮೇಲು.

ಚಿತ್ರಕಲೆಯ ವಿಷಯದಲ್ಲಿ ಎರಡೇ ಮಾತು. ಜೀವಿಗಳ ಚಿತ್ರಣದ ಕುರಿತು ಫಿಕ್ಹ್‌ನಲ್ಲಿರುವ ಚರ್ಚೆಯನ್ನು ಗೌರವಿಸುತ್ತಲೇ ಹೇಳುತ್ತೇವೆ, ಎಲೆ ಬಿಡಿಸುವ ಮಗುವಿನ ಕೈಯಿಂದಲೂ ಪೆನ್ಸಿಲ್ ಕಿತ್ತುಕೊಳ್ಳಲು ಆ ಚರ್ಚೆಯಲ್ಲಿ ಆಧಾರವಿಲ್ಲ. ಬಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳ ಮೇಲೆ ಕಲ್ಲಿನಲ್ಲಿ ಹಬ್ಬಿದ ಅರಬಿ ಅಕ್ಷರಗಳನ್ನು ಪ್ರವಾಸದಲ್ಲಿ ತೋರಿಸಿ ಫೋಟೊ ತೆಗೆಸಿಕೊಂಡು ಬರುತ್ತೇವೆ. ಊರಿಗೆ ಬಂದ ಮೇಲೆ ಖತ್ತಾತಿ ಕಲಿಸುವವರನ್ನು ಹುಡುಕುವುದಿಲ್ಲ. ನಮ್ಮೂರಿನ ಹರಿಹರೇಶ್ವರ ದೇಗುಲದ ಆವರಣದಲ್ಲಿ ಹಳಗನ್ನಡದ ಶಾಸನಗಳು ನಿಂತಿವೆ. ಅರಬಿ ಅಕ್ಷರದ ಬಾಗು ಬಳುಕನ್ನು ಅಭ್ಯಾಸ ಮಾಡಿದ ಹುಡುಗ ಕಲ್ಲಿನ ಕನ್ನಡ ಅಕ್ಷರದ ದುಂಡನ್ನೂ ನೋಡಿ ಬರಲಿ, ಕಣ್ಣು ತೀಡಿದಷ್ಟೂ ಒಳ್ಳೆಯದು. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಡಿಪ್ಲೊಮಾ, ಐಟಿಐ, ನರ್ಸಿಂಗ್ ಕುರಿತು ಮಾರ್ಗದರ್ಶನ ಶಿಬಿರ ನಡೆಸುವ ನಮ್ಮ ಸಂಘಟನೆಗಳು ಆ ಹೆಸರನ್ನು ಒಮ್ಮೆಯಾದರೂ ಉಚ್ಚರಿಸಿದರೆ ಸಂತೋಷ.

ಕೈಬರಹದ ಪತ್ರಿಕೆಯೊಂದು ಏನು ಮಾಡಬಲ್ಲದೆಂದು ನಿಸಾರ್ ಅವರ ಬಾಲ್ಯದಿಂದ ತಿಳಿದ ಮೇಲೆ ನಾವು ಅದನ್ನೇ ಹಿಡಿದೆವು. ಭಾನುವಾರ ಬೆಳಗಿನ ಪಾಠ ಮುಗಿದ ಬಳಿಕ ಮಕ್ಕಳಿಗೆ ಅರ್ಧ ಗಂಟೆ ಬರೆಯಲು ಕೊಡುತ್ತೇವೆ. ನಿಯಮ ಎರಡು: ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ಕೊನೆಯಲ್ಲಿ ನೀತಿ ಹೇಳಕೂಡದು. ಎರಡನೆಯ ನಿಯಮವೇ ಅವರಿಗೆ ಹೆಚ್ಚು ಕಷ್ಟವಾಯಿತು. ಮೊದಲ ಕೆಲವು ವಾರ ಮಕ್ಕಳು ಛಾವಣಿ ನೋಡುತ್ತ ಕುಳಿತರು. ಆಮೇಲೆ ಒಬ್ಬ ಹುಡುಗ ತನ್ನ ಅಜ್ಜನ ಟ್ರಂಕಿನ ಬಗ್ಗೆ ಬರೆದ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದ ಅಜ್ಜ ಕಾರ್ಖಾನೆ ಮುಚ್ಚಿದ ಮೇಲೂ ತನ್ನ ಅಳತೆಯ ಉಪಕರಣವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ, ಈದ್‌ನ ಹಿಂದಿನ ದಿನ ತೆಗೆದು ಎಣ್ಣೆ ಒರೆಸುತ್ತಾರೆ, ಯಾರನ್ನೂ ಮುಟ್ಟಗೊಡುವುದಿಲ್ಲ. ಇಷ್ಟೇ. ಒಂದೂಕಾಲು ಪುಟ, ಹದಿನಾಲ್ಕು ಕಾಗುಣಿತದ ತಪ್ಪು. ಈ ಊರಿನ ಅರ್ಧ ಶತಮಾನ ಅದರಲ್ಲಿತ್ತು. ಇನ್ನೊಬ್ಬಳು ತನ್ನ ಅಮ್ಮಿ ರೇಶನ್ ಅಂಗಡಿಯ ಸಾಲಿನಲ್ಲಿ ನಿಂತು ಮುಂದಿನವರೊಡನೆ ಯಾವ ಭಾಷೆಯಲ್ಲಿ, ಹಿಂದಿನವರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾಳೆಂದು ಬರೆದಳು. ಓದುತ್ತ ನಾವು ಗಟ್ಟಿಯಾಗಿ ನಕ್ಕೆವು, ಅವಳೂ ನಕ್ಕಳು. ಗೆಳತಿಯ ಓದು ಹತ್ತನೆಯ ತರಗತಿಗೆ ನಿಂತುದನ್ನು ಬರೆದ ಹುಡುಗಿಯೊಬ್ಬಳು ಅದನ್ನು ಪತ್ರಿಕೆಗೆ ಕೊಡಲು ಒಪ್ಪಲಿಲ್ಲ. ಅದು ಅವಳ ಪುಸ್ತಕದಲ್ಲಿಯೇ ಇದೆ.

ತಿದ್ದುವುದು ಬೇಡವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ತಿದ್ದಲೇಬೇಕು, ತಪ್ಪು ಕನ್ನಡವನ್ನು ಪ್ರತಿಭೆಯ ಹೆಸರಿನಲ್ಲಿ ಬಿಟ್ಟುಕೊಡುವುದು ಮಗುವಿಗೆ ಮಾಡುವ ದ್ರೋಹ. ನಮ್ಮ ಕ್ರಮವಿಷ್ಟೆ: ಮೊದಲ ಓದು ಪೆನ್ನಿಲ್ಲದೆ, ಪೂರ್ತಿಯಾಗಿ, ಮಗುವಿನ ಎದುರಿನಲ್ಲಿ. ಓದಿದ ಮೇಲೆ ಒಂದು ಪ್ರಶ್ನೆ, ಬರೆದದ್ದರ ಬಗ್ಗೆ. ಅಜ್ಜ ಯಾವ ಎಣ್ಣೆ ಹಚ್ಚುತ್ತಾರೆ? ಮಗು ಉತ್ತರಿಸುತ್ತದೆ, ಆ ಉತ್ತರವೂ ಬರಹಕ್ಕೆ ಸೇರುತ್ತದೆ. 'ಹೇಳಿದನು', 'ಹೇಳಿದಳು'ಗಳ ಸರದಿ ಎರಡನೆಯ ಓದಿನಲ್ಲಿ. ಅಷ್ಟು ಹೊತ್ತಿಗೆ ಮಗುವಿಗೂ ಅದನ್ನು ಸರಿಪಡಿಸಿಕೊಳ್ಳುವ ಆಸೆ ಹುಟ್ಟಿರುತ್ತದೆ, ಏಕೆಂದರೆ ಬರಹ ಈಗ ಅದರ ಸ್ವಂತದ್ದು.

ಹಣದ ಮಾತನ್ನೂ ಆಡಬೇಕು. ಒಂದು ರಾತ್ರಿಯ ಜಲ್ಸಾಕ್ಕೆ ಶಾಮಿಯಾನ, ಧ್ವನಿವರ್ಧಕ, ಹೊರಗಿನ ಭಾಷಣಕಾರರ ಪ್ರಯಾಣ ಎಂದು ನಾವು ವಂತಿಗೆ ಎತ್ತುವ ಮೊತ್ತದ ಒಂದು ಚಿಕ್ಕ ಪಾಲಿನಲ್ಲಿ ಮಸೀದಿಯ ಪಕ್ಕದ ಕೋಣೆಗೆ ಒಂದು ಕಪಾಟು ಕನ್ನಡ ಪುಸ್ತಕಗಳು ಬರುತ್ತವೆ. ಜಲ್ಸಾ ಬೇಡವೆಂದಲ್ಲ, ಈ ಮಾತಿಗೆ ಕಮಿಟಿಯವರು ಬೇಸರಿಸಬಾರದು. ನಮ್ಮ ಪತ್ರಿಕೆಗಂತೂ ಖರ್ಚಿಲ್ಲವೆಂದೇ ಹೇಳಬಹುದು. ದಪ್ಪನೆಯ ಡ್ರಾಯಿಂಗ್ ಹಾಳೆ, ಹೊಲಿಯಲು ದಾರ, ಅಂಚಿನ ಅಲಂಕಾರಕ್ಕೆ ಹಸಿರು ಮತ್ತು 'ಇಟ್ಟಿಗೆ ಬಣ್ಣ'ದ ಶಾಯಿ; ಬಣ್ಣದ ಆ ಹೆಸರು ಮಕ್ಕಳದು. ಅಕ್ಷರ ಚೆನ್ನಾಗಿರುವ ಇಬ್ಬರು ಹುಡುಗಿಯರು ನಕಲು ಮಾಡುತ್ತಾರೆ. ನಕಲಿಗೆ ಅದೇ ಸರಿಯಾದ ಜಾಗ ಎಂದು ನಮಗೆ ತೋರುತ್ತದೆ. ಇರುವುದು ಒಂದೇ ಪ್ರತಿಯಾದ್ದರಿಂದ ಶುಕ್ರವಾರ ಜುಮಾದ ಬಳಿಕ ಅದನ್ನು ಹೊರಗಿನ ಜಗುಲಿಯ ಮೇಜಿನ ಮೇಲಿಡುತ್ತೇವೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದಿಬ್ಬರು ಹಿರಿಯರು ನಿಲ್ಲುತ್ತಾರೆ, ಕನ್ನಡಕ ಸರಿಪಡಿಸಿಕೊಂಡು ಓದುತ್ತಾರೆ. ಅಜ್ಜನ ಟ್ರಂಕಿನ ಪುಟದ ಬಳಿ ಹಳೆಯ ಕಾರ್ಮಿಕರೊಬ್ಬರು ಬಹಳ ಹೊತ್ತು ನಿಂತು, ಕಾರ್ಖಾನೆಯ ಯಾವ ವಿಭಾಗವೆಂದು ಹುಡುಗನನ್ನು ವಿಚಾರಿಸಿದರು. ಕೆಲವರ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿನತ್ತ ಹೋಗುತ್ತದೆ. ಅಂಥವರಿಗಾಗಿ ಕೊನೆಯ ಎರಡು ಪುಟಗಳನ್ನು ಖಾಲಿ ಬಿಟ್ಟಿದ್ದೇವೆ. ಬರೆಯುವುದಿದ್ದರೆ ಅಲ್ಲಿ ಬರೆಯಲಿ, ತಮ್ಮ ಹೆಸರು ಹಾಕಿ.